ಸ್ಟೂಲಿಲ್ಲದ ಕೌಂಟರ್

"ನನ್ನನ್ನ ಕೌಂಟರ್‌ನಿಂದ ತೆಗೆಸಿದ್ದು ನೀನೇ ತಾನೇ?"

ಮ್ಯಾಟಿನಿ ಬಿಟ್ಟು ಖಾಲಿಯಾದ ಹಾಲ್‌ನ ಬಾಗಿಲಿಗೆ ಪೊರಕೆ ಅಡ್ಡ ಹಿಡಿದು ನಿಂತಿದ್ದಳು ಅವಳು. ನಿನ್ನೆಯವರೆಗೆ ಪಾಪ್‌ಕಾರ್ನ್ ಮಾರುತ್ತಿದ್ದವಳು ಇವತ್ತು ಸೀಟಿನ ಸಂದಿಯಿಂದ ಅದನ್ನೇ ಗುಡಿಸುತ್ತಿದ್ದಳು!

ಎದುರಿಗಿದ್ದವನು ತಡವಾಗಿ ಬಂದವರಿಗೆ ಸೀಟು ತೋರಿಸುವ ಹುಡುಗ. ಎಲ್ಲರ ಬಾಯಲ್ಲೂ ಅವನು 'ಟಾರ್ಚು'.

"ಹೂಂ... ಒಳಗೆ ಗುಡಿಸೋಕೆ ಜನ ಸಾಲಲ್ಲ, ಇವರನ್ನ ಕೊಡಿ ಅಂತ ಮ್ಯಾನೇಜರ್‌ಗೆ ಹೇಳ್ದೆ."

ಅವಳ ಮೈ ಉರಿಯಿತು. ಪೊರಕೆಯಿಂದ ಶುರುಮಾಡಿ, ಗೋಗರೆದು ಗಿಟ್ಟಿಸಿದ ಕೌಂಟರ್ ಅದು. ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಗುನಗುತ್ತಾ ಮಾತಾಡಿಸುತ್ತಿದ್ದವನೇ ಕತ್ತು ಕೊಯ್ದನಾ?

"ನಿಮ್ಮಪ್ಪನ ಗಂಟೇನಾದ್ರೂ ತಿಂದಿದ್ನಾ ನಾನು?"

"ನಿನ್ನ ಕಾಲು ಊದಿದೆ... ಕೌಂಟರ್‌ನಲ್ಲಿ ಸ್ಟೂಲಿಲ್ಲ. ನೆಲದ ಮೇಲೆ ಕೂತ್ರೂ ಕ್ಯಾಮೆರಾದಲ್ಲಿ ಕಾಣುತ್ತೆ. ಒಳಗಾದ್ರೆ ಲೈಟ್ ಆರಿದ ಮೇಲೆ ಹಿಂದಿನ ಸಾಲಲ್ಲಿ ಕೂರಬಹುದು. ಅದಕ್ಕೇ..."

ಅವಳು ತಬ್ಬಿಬ್ಬಾದಳು. ಕಾಲು ಊದಿದ್ದನ್ನು ಅಮ್ಮನೂ ಗಮನಿಸಿರಲಿಲ್ಲ!

ಆದರೂ ಸಿಟ್ಟು ಇಳಿಯಲಿಲ್ಲ. ಏರಿತು.

"ನನ್ನ ಕಾಲು, ನನ್ನ ಕೆಲಸ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಅದಕ್ಕೇ ಕೇಳಬೇಕಿತ್ತು! ಕತ್ತಲಲ್ಲಿ ಕದ್ದು ಕೂರೋಕೆ ನಾನೇನು ಕಳ್ಳೀನಾ? ಅಷ್ಟು ಕರುಳು ಚುರ್ ಅಂದಿದ್ರೆ ಸ್ಟೂಲು ಕೇಳಬೇಕಿತ್ತು ಕಣೋ!"

ಅವನ ಮುಖ ಸಪ್ಪಗಾಯಿತು. ಸೀದಾ ಮ್ಯಾನೇಜರ್ ಕೋಣೆಯತ್ತ ಹೊರಟ. ಅವಳೂ ಬಿಡಲಿಲ್ಲ, ಕುಂಟುತ್ತಾ ಹಿಂದೆಯೇ ನಡೆದಳು.

"ಸರ್, ತಪ್ಪು ನಂದು," ಎಂದ ಅವನು. "ಇವರನ್ನ ಕೌಂಟರ್‌ಗೇ ಹಾಕಿ. ಒಂದು ಸ್ಟೂಲೂ ಕೊಡಿ."

"ಗಿರಾಕಿಗಳ ಮುಂದೆ ಕೂರೋದಾ? ಇಲ್ಲಿ ಎಲ್ಲರೂ ನಿಂತೇ ಕೆಲಸ ಮಾಡೋದು!"

"ನೀವು ಕೂತಿದ್ದೀರಲ್ಲ ಸರ್," ಎಂದಳು ಅವಳು.

ಮ್ಯಾನೇಜರ್ ಕೆಂಡವಾದರು. ಆದರೆ ಮುಂದಿನ ಆಟದ ಜನ ಆಗಲೇ ಕೌಂಟರ್‌ಗೆ ಮುತ್ತಿದ್ದರು.

"ಹೋಗಮ್ಮ, ಮೊದಲು ಅಲ್ಲಿ ನೋಡ್ಕೋ! ಸ್ಟೂಲು ಗೀಲು ಆಮೇಲೆ!"

ಹೊರಗೆ ಬಂದಾಗ ಅವನೆಂದ, "ನಾಳೆ ಮತ್ತೆ ಕೇಳ್ತೀನಿ."

"ಕೇಳ್ತೀವಿ ಅನ್ನು."

ಅವನು ಹೆಜ್ಜೆ ನಿಧಾನಿಸಿ ಜೊತೆಗೇ ನಡೆದ.

"ಇನ್ನೊಂದು ಕೇಳೋದಿದೆ... ಇದನ್ನ ನಿನ್ನನ್ನೇ. ನಿನ್ನ ಮೇಲೆ ನಂಗೆ ಮನಸ್ಸಾಗಿದೆ. ನಿಂಗೆ...?"

"ನಾನಿನ್ನೂ ಸಿಟ್ಟಲ್ಲಿದ್ದೀನಿ!"

"ಇಳಿಯೋವರೆಗೂ ಕಾಯ್ತೀನಿ."

"ಇದು ಇಳಿಯೋ ಸಿಟ್ಟಲ್ಲ." ಅವಳ ಕಣ್ಣು ತುಂಬಿತ್ತು. "ಸಿಟ್ಟಲ್ಲೇ ಹೇಳ್ತೀನಿ, ಕೇಳಿಸ್ಕೋ... ಹೂಂ!"