ಮಠದಿಂದ ಬಂದ ಫೋನು

“ನೀನು ಲಿಂಗಪೂಜೆಗೆ ಕೂತಿದ್ದಾಗ ಮಠದಿಂದ ನಿನಗೆ ಫೋನ್ ಬಂದಿತ್ತು ಕಣೇ. ನಮ್ಮನೆಯವಳಿಗೆ ಬರೋಕಾಗಲ್ಲ ಅಂತ ಹೇಳ್ಬಿಟ್ಟೆ.”

ಗಂಗಾಧರಯ್ಯ ಉಪ್ಪಿಟ್ಟಿನ ಮೇಲೆ ಚಟ್ನಿಪುಡಿ ಉದುರಿಸಿಕೊಳ್ಳುತ್ತ ಹೇಳಿ ಮುಗಿಸಿದರು. ಜಗದಾಂಬಾ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತಳು. ವಚನ ಹೇಳಿ ಮದುವೆ, ಗೃಹಪ್ರವೇಶ ನಡೆಸಿಕೊಡುವುದನ್ನು ಮಠದಲ್ಲಿ ಹೆಂಗಸರಿಗೆ ಮೂರು ತಿಂಗಳು ಅಲ್ಲೇ ಇರಿಸಿಕೊಂಡು ಕಲಿಸುತ್ತಿದ್ದರು. ಇದ್ದದ್ದು ಹನ್ನೆರಡೇ ಜಾಗ; ಅವಳೂ ಹೆಸರು ಕೊಟ್ಟಿದ್ದಳು. ಮೂಡಲಪಾಳ್ಯದ ಆ ಮನೆಯಲ್ಲಿ ಅತ್ತೆಯ ಸೇವೆ, ಮಕ್ಕಳ ಮದುವೆ ಎಲ್ಲ ಮುಗಿದ ಮೇಲೆ, ಐವತ್ತಾರನೆಯ ವಯಸ್ಸಿನಲ್ಲಿ ಅವಳು ತನಗಾಗಿ ಬಯಸಿದ್ದು ಅದೊಂದನ್ನೇ... ಅದೂ ಹೋಯಿತು! ಓಡಿಹೋಗಿ ಫೋನ್ ಮಾಡಿದರೆ, ಜಾಗ ಬೇರೆಯವರಿಗೆ ಕೊಟ್ಟಾಯಿತು, ಇನ್ನು ಮುಂದಿನ ವರ್ಷವೇ ಎಂದರು. ಫೋನಿನಲ್ಲೇ ಮುಂದಿನ ವರ್ಷಕ್ಕೆ ಹೆಸರು ಬರೆಸಿ, ಕಣ್ಣೊರೆಸಿಕೊಳ್ಳುತ್ತ ಬಂದಳು.

“ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನ್ರೀ?”

“ಏನ್ ಕೇಳೋದು? ಮನೆಗೆ ನಾಲ್ಕು ಜನ ಬಂದ್ರೆ ಬಾಗಿಲ ಸಂದೀಲಿ ನಿಲ್ತಿದ್ದೋಳು, ಛತ್ರದಲ್ಲಿ ಮೈಕ್ ಹಿಡೀತೀಯಾ? ಈ ವಯಸ್ಸಲ್ಲಿ ಯಾರೂ ಬದಲಾಗಲ್ಲ ಕಣೇ!”

ಆಹಾ, ಏನು ಮಾತು! ಬದಲಾಗುವುದಿಲ್ಲವಂತೆ! ವರದಕ್ಷಿಣೆ ಬೇಡವೆಂದು ಹೆತ್ತ ಅಪ್ಪನೊಡನೆ ಜಗಳವಾಡಿ ಅವಳ ಕೈಹಿಡಿದ ಹುಡುಗ ಇವರೇ. ನಿನ್ನನ್ನು ಬಿ.ಎ. ಓದಿಸುತ್ತೇನೆ ಎಂದವರೂ ಇವರೇ. ತಹಶೀಲ್ದಾರರ ಕುರ್ಚಿ ಸಿಕ್ಕಿತು, ಆ ಹುಡುಗ ಕಾಣೆಯಾದ. ನಿವೃತ್ತಿಯಾಯಿತು, ನಮಸ್ಕಾರ ಹಾಕುವವರೂ ಕಾಣೆಯಾದರು. ಈಗ ಸೊಪ್ಪಿನವಳ ಮೇಲೆ, ಪೇಪರ್ ಹಾಕುವವನ ಮೇಲೆ ದರ್ಬಾರು ನಡೆಸುವ ಈ ಪ್ರಾಣಿಯೊಂದು ಉಳಿದಿದೆ! ಜಗದಾಂಬಾಳ ಅಳು ತಟ್ಟನೆ ನಿಂತುಹೋಯಿತು. ಮೂವತ್ತನಾಲ್ಕು ವರ್ಷ ಹೆದರಿ ಬಾಳಿದ ಗಂಡನ ಮೇಲೆ ಅವಳಿಗೆ ಮೊಟ್ಟಮೊದಲ ಸಲ ತಾತ್ಸಾರ ಹುಟ್ಟಿತು.

“ನಿಜ ಹೇಳ್ರೀ. ಯಾಕೆ ಬೇಡ ಅಂದ್ರಿ?”

ಸಾಹೇಬರ ದನಿ ಇಳಿಯಿತು. “ಮೂರು ತಿಂಗಳು... ಊಟಕ್ಕೆ ನಾನೇನ್ ಮಾಡ್ಲಿ?”

ಇಷ್ಟೇ! ತಾಲ್ಲೂಕನ್ನೇ ನಡುಗಿಸಿದ ಮಹಾಶಯರಿಗೆ ಭಯ ಒಂದು ತುತ್ತು ಅನ್ನದ್ದು! ಅದಕ್ಕಾಗಿ ಅವಳ ಒಂದು ವರ್ಷ ಹಾಳು! ಥೂ, ಇಂಥವರಿಗೆ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

“ಮುಂದಿನ ವರ್ಷ ನಾನು ಹೋಗೇ ಹೋಗ್ತೀನಿ. ಅಷ್ಟರಲ್ಲಿ ಅನ್ನ ಇಡೋದು ಕಲ್ತ್ಕೊಳ್ಳಿ.”

“ನನಗೇ ಹೇಳ್ತೀಯಾ?”

“ಹೂಂ, ನಿಮಗೇ.”

ಆ ಮಧ್ಯಾಹ್ನ ಅವಳು ಅಡುಗೆಮನೆಗೆ ಕಾಲಿಡಲಿಲ್ಲ. ಹಜಾರದಲ್ಲಿ ಕೂತು ವಚನದ ಪುಸ್ತಕ ತೆರೆದಳು. ಎರಡು ಗಂಟೆಯವರೆಗೆ ಮುಖ ಊದಿಸಿಕೊಂಡಿದ್ದ ಗಂಗಾಧರಯ್ಯ ಕೊನೆಗೆ ತಾವೇ ಎದ್ದು ಒಳಗೆ ಹೋದರು. ಡಬ್ಬಗಳ ಮುಚ್ಚಳ ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು.

“ಜಗದಾ... ಅಕ್ಕಿ ಎಲ್ಲಿಟ್ಟಿದೀಯ?”

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

“ಹುಡುಕ್ರೀ,” ಎಂದಳು.