ನಾದಿನಿ ಬಿಚ್ಚಿದ ಪಟ್ಟಿ

"ಮೆಲ್ಲಗೆ ತಾಯಿ, ನೀರು ಇನ್ನೂ ಬಿಸಿ ಇದೆ!" ಎನ್ನುತ್ತ ಅಪ್ಪ ಸೊಸೆಯ ಎರಡೂ ಕೈಗಳನ್ನು ಬೋಗುಣಿಗೆ ಇಳಿಸಿದಾಗ, ಬಾಗಿಲಲ್ಲಿ ನಿಂತಿದ್ದ ಮಗಳ ಹೊಟ್ಟೆಗೆ ಬೆಂಕಿ ಬಿತ್ತು. ಮೂರು ವರ್ಷದ ಹಿಂದೆ ಅಪ್ಪನ ಗ್ಯಾರೇಜಿನ ರೇಸ್ ಕಾರು ಓಡಿಸುತ್ತಿದ್ದವಳು ಅವಳೇ. ಅಣ್ಣ ಮದುವೆಯಾಗಿ ತಂದ ಅತ್ತಿಗೆ ಮೊದಲ ದಿನವೇ ಅವಳಿಗಿಂತ ನಾಲ್ಕು ಸೆಕೆಂಡು ಬೇಗ ಸುತ್ತಿ ಬಂದಳು, ಅಲ್ಲಿಗೆ ಮುಗಿಯಿತು! ಸೀಟು ಅತ್ತಿಗೆಗೆ, ಸ್ಪ್ಯಾನರು ನಾದಿನಿಗೆ. ಹೋಗಲಿ, ಅತ್ತಿಗೆಗೆ ಸಂಧಿವಾತ ಅಂಟಿದ ಮೇಲಾದರೂ ಸೀಟು ಮರಳೀತೆಂದರೆ, ಕೀಲುಕೀಲೂ ಊದಿಕೊಂಡರೂ ಮಹಾತಾಯಿ ಗೆಲ್ಲುತ್ತಲೇ ಇದ್ದಳು. ಮನೆಯವರೆಲ್ಲ ಅವಳ ಸೇವೆಗೆ ಒಂಟಿಕಾಲಲ್ಲಿ ನಿಂತಿದ್ದರು.

"ನಾನೂ ಒಂದು ಕಾಯಿಲೆ ತರಿಸ್ಕೋಬೇಕು. ಆಗಲಾದ್ರೂ ಈ ಮನೇಲಿ ನನ್ನ ಕಡೆ ನೋಡ್ತಾರೇನೋ!"

"ನನ್ನದೇ ತಗೋ, ಬೇಕಾದಷ್ಟಿದೆ" ಎಂದು ಅತ್ತಿಗೆ ನಕ್ಕಳು. ಆ ನಗು ನಾದಿನಿಯ ಗಾಯಕ್ಕೆ ಉಪ್ಪು ಸವರಿತು.

ಮಡಚಲಾಗದ ಬೆರಳುಗಳಿಗೆ ತೆಳ್ಳಗಿನ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೆ ಪ್ರತಿ ಓಟಕ್ಕೂ ಮುಂಚೆ ಸ್ಟೀರಿಂಗಿಗೆ ದಪ್ಪಗೆ ಮೆತ್ತನೆಯ ಪಟ್ಟಿ ಸುತ್ತಬೇಕು. ಸುತ್ತುವ ಕೆಲಸ ನಾದಿನಿಯದು. ಅಂದು ಬೆಳಗಿನ ಓಟಕ್ಕೆ ಮೊದಲು ಅವಳು ಪಟ್ಟಿಯನ್ನೆಲ್ಲ ಬಿಚ್ಚಿ ಒಂದೇ ಪದರ ಉಳಿಸಿದಳು. ಕೈ ಸೋತು ನಾಲ್ಕು ಸುತ್ತಿಗೇ ಇಳಿದು ಬರಲಿ... ಮಧ್ಯಾಹ್ನದ ಓಟ ನನ್ನದಾಗಲಿ... ಹೊಟ್ಟೆಕಿಚ್ಚಿಗೆ ಬುದ್ಧಿ ಎಲ್ಲಿಂದ ಬರಬೇಕು!

ಅತ್ತಿಗೆ ಕೂತಳು, ಸ್ಟೀರಿಂಗ್ ಹಿಡಿದಳು, ನಾದಿನಿಯ ಮುಖವನ್ನೊಮ್ಮೆ ನೋಡಿದಳು. ಸೀಟ್ ಬೆಲ್ಟು ಬಿಗಿದುಕೊಂಡಳು. ಇಪ್ಪತ್ತು ಸುತ್ತೂ ಓಡಿಸಿ ಎರಡನೆಯವಳಾಗಿ ಬಂದಳು. ಕಾರು ನಿಂತಿತು, ಅವಳು ಮಾತ್ರ ಇಳಿಯಲಿಲ್ಲ.

"ಕೈ ಬಿಡ್ತಾ ಇಲ್ಲ ಕಣೇ... ಸ್ವಲ್ಪ ಬಿಡಿಸು."

ನಾದಿನಿ ಕಿಟಕಿಯೊಳಗೆ ಬಗ್ಗಿ ಒಂದೊಂದೇ ಬೆರಳು ಬಿಡಿಸಿದಳು. ಪ್ರತಿ ಬೆರಳಿಗೂ ಅತ್ತಿಗೆಯ ಕಣ್ಣಲ್ಲಿ ನೀರು ಉಕ್ಕುತ್ತಿತ್ತು.

"ಕೂತ ತಕ್ಷಣ ಗೊತ್ತಾಯ್ತಲ್ವಾ ಅತ್ತಿಗೆ? ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾವ ನಿನ್ನನ್ನ ಈ ಕಾರಿನ ಹತ್ರಕ್ಕೂ ಬಿಡ್ತಿರಲಿಲ್ಲ. ನನ್ನ ಕೈ ಇನ್ನೆಷ್ಟು ದಿನವೋ... ಆಮೇಲೆ ಓಡಿಸೋಳು ನೀನೇ ಅಲ್ವಾ?"

ಅಷ್ಟರಲ್ಲಿ ಅಪ್ಪ ಓಡಿ ಬಂದರು. ಸೊಸೆಯ ಕೈ ನೋಡಿ ಅವರ ಮುಖ ಕಪ್ಪಿಟ್ಟಿತು. ಹೆಲ್ಮೆಟ್ಟನ್ನು ಮಗಳ ಕಡೆಗೆ ಚಾಚಿದರು. "ಮಧ್ಯಾಹ್ನ ನೀನೇ ಕೂತ್ಕೋ ಮಗಳೇ."

ಮೂರು ವರ್ಷದಿಂದ ಕಾದಿದ್ದ ಮಾತು! ಹೇಳಬೇಡ ಎನ್ನುವಂತೆ ಅತ್ತಿಗೆ ತಲೆ ಅಲ್ಲಾಡಿಸಿದಳು. ನಾದಿನಿ ಹೆಲ್ಮೆಟ್ಟಿಗೆ ಕೈ ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಪ್ಪಾ... ಪಟ್ಟಿ ಬಿಚ್ಚಿದ್ದು ನಾನು. ಬೇಕೂಂತಲೇ ಬಿಚ್ಚಿದೆ!"

ಅಪ್ಪ ಕೂಗಾಡಲಿಲ್ಲ. "ಇನ್ನು ಮೇಲೆ ಈ ಸೀಟಲ್ಲಿ ನೀನು ಕೂರೋದು ಬೇಡ" ಎಂದಷ್ಟೇ ಹೇಳಿ ಹೊರಟುಹೋದರು. ಮಧ್ಯಾಹ್ನದ ಓಟಕ್ಕೆ ಅವರ ಕಾರು ಇಳಿಯಲೇ ಇಲ್ಲ.

ಬಿಕ್ಕುತ್ತಿದ್ದವಳ ತಲೆಯನ್ನು ಊದಿದ ಕೈಯೊಂದು ನೇವರಿಸಿತು. "ಮಾವನ ಹತ್ರ ನಾನು ಮಾತಾಡ್ತೀನಿ, ಅಳಬೇಡ."

ಆ ಗಳಿಗೆಯಲ್ಲೂ ನಾದಿನಿಗೆ ಅತ್ತಿಗೆಯನ್ನು ಕಂಡರೆ ಹೊಟ್ಟೆಕಿಚ್ಚೇ ಆಯಿತು... ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಸಿಕ್ಕಿತಲ್ಲಾ ಎಂದು!