ಕೆಂಪು ಅಂಕಿಗಳ ಕ್ಯಾಲ್ಕುಲೇಟರ್

೧೯೯೫ರ ಜುಲೈ ೧೧, ಮಂಗಳವಾರ. ಬೆಳಿಗ್ಗೆ ೧೦.೨೦ಕ್ಕೆ ಬಟ್ಟೆ ವ್ಯಾಪಾರಿ ಶಿವಗಂಗಾಬಾಯಿ ನಿಲಂಗಾ ಠಾಣೆಗೆ ದೂರು ತಂದರು. ೧೯೯೩ರ ಭೂಕಂಪದಲ್ಲಿ ತೀರಿಕೊಂಡ ಗಂಡ ಶಾಂತವೀರಪ್ಪನವರ ಹಳೆಯ ಕಿಸೆ ಕ್ಯಾಲ್ಕುಲೇಟರ್ ಅಂಗಡಿಯಲ್ಲಿ ಅವರ ಫೋಟೋದ ಮುಂದಿತ್ತು. ಇಪ್ಪತ್ತು ದಿನದಿಂದ ಕಾಣುತ್ತಿಲ್ಲ.

ಇನ್‌ಸ್ಪೆಕ್ಟರ್ ರವಿಕಾಂತ ಗುರುತು ಕೇಳಿದರು.

“ಒತ್ತಿದ್ರ ಕೆಂಪು ಅಂಕಿ ಹತ್ತತಾವ್ರಿ, ಉದಗೀರತನಕ ಬೆಳಕು ಬೀಳತದ. ಹಸದ ಎಮ್ಮಿ ಮೇದಂಗ ಸೆಲ್ ತಿಂತದ. ನಮ್ಮ ಯಜಮಾನ್ರು ನನಗೂ ಅಷ್ಟು ಉಣ್ಣಾಕ ಹಾಕಿಲ್ಲ.”

ಎಫ್‌ಐಆರ್ ದಾಖಲಾಯಿತು. ಬೀಗ ಮುರಿದಿರಲಿಲ್ಲ, ಬೇರೇನೂ ಹೋಗಿರಲಿಲ್ಲ. ಬಳಸುವವನು ಸೆಲ್ ಕೊಳ್ಳಲೇಬೇಕೆಂದು ರವಿಕಾಂತ ಕಾನ್‌ಸ್ಟೇಬಲ್ ಬಾಳುವನ್ನು ಬಸ್ ನಿಲ್ದಾಣದ ಅಂಗಡಿಗಳಿಗೆ ಕಳಿಸಿದರು.

ಮರುದಿನ ಬಾಳು ವರದಿ ಕೊಟ್ಟ. ಶಿವಗಂಗಾಬಾಯಿಯ ಅಂಗಡಿಯಲ್ಲೇ ಮೂವತ್ತು ವರ್ಷದಿಂದ ಲೆಕ್ಕ ನೋಡುವ ಮುನೀಮ ಬಕ್ಕಪ್ಪ ವಾರಕ್ಕೆರಡು ಸಲ ಸಣ್ಣ ಸೆಲ್ ಒಯ್ಯುತ್ತಾನೆ. ರೇಡಿಯೋಕ್ಕೆ ಎನ್ನುತ್ತಾನೆ, ಅದಕ್ಕೆ ಬೇಕಾದದ್ದು ದೊಡ್ಡ ಸೆಲ್. ಗಿರಾಕಿ ಲೆಕ್ಕ ಕೇಳಿದರೆ ಈಗೀಗ ಒಳಗೆ ಹೋಗಿ ಬಂದು ಹೇಳುತ್ತಾನೆ.

ಬಾಯಿಲೆಕ್ಕಕ್ಕೆ ಬಕ್ಕಪ್ಪ ಪೇಟೆಗೇ ಹೆಸರಾದವನು. ಅವನ ತಲೆಯ ಮುಂದೆ ಯಂತ್ರ ಸತ್ತಂತೆ ಎಂದು ಶಿವಗಂಗಾಬಾಯಿ ಗಿರಾಕಿಗಳೆದುರು ಗಂಡನನ್ನು ಕಾಡುತ್ತಿದ್ದರು.

ಮಧ್ಯಾಹ್ನ ೩.೧೫ಕ್ಕೆ ರವಿಕಾಂತ ಅವನನ್ನು ಠಾಣೆಗೆ ಕರೆಸಿದರು.

“ಸೆಲ್ ಯಾತಕ್ಕ?”

“ರೇಡಿಯೋಕ್ಕರಿ.”

“ಹದಿಮೂರು ಸವ್ವಾಯಕಿ ಎಷ್ಟು?”

ಅದು ಒಂದೂಕಾಲರ ಮಗ್ಗಿ. ಬಕ್ಕಪ್ಪ ಬೆರಳು ಮಡಿಚಿ ಎಣಿಸಿದ, ನಡುವೆ ತಪ್ಪಿ ಮತ್ತೆ ಮೊದಲಿಂದ ಹಿಡಿದ, ಕೈಬಿಟ್ಟ. ನಿಧಾನವಾಗಿ ತಲೆಯ ರುಮಾಲು ಬಿಚ್ಚಿದ. ಭೂಕಂಪದಲ್ಲಿ ತೊಲೆ ಬಿದ್ದ ಗಾಯದ ಕಲೆ ಕಂಡಿತು. ರುಮಾಲಿನ ಸುತ್ತಿನೊಳಗೆ ಕ್ಯಾಲ್ಕುಲೇಟರ್ ಇತ್ತು.

“ಹೊಸಾದು ತಗೋಬೇಕಿತ್ತಲ್ಲ?”

“ಹೊಸಾವು ತಿಳಿಯಂಗಿಲ್ರಿ. ಮಾಲಕ್ರು ಇದನ್ನ ಒತ್ತೂದು ಇಪ್ಪತ್ತ ವರ್ಷ ನೋಡೀನಿ. ಇದ್ರಾಗ ಕಳೀಬೇಕಂದ್ರ ಮೊದಲ ಅಂಕಿ, ಆಮ್ಯಾಲ ಕೆಂಪು ಗುಂಡಿ. ಹೊಸಾದ್ರಾಗ ಹಂಗಿಲ್ರಿ.”

ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು. ವಸ್ತು ಗುರುತಿಸಲು ಬಂದ ಶಿವಗಂಗಾಬಾಯಿ ಬಕ್ಕಪ್ಪನ ಬರಿದಲೆ ನೋಡಿ ಬೆಂಚಿನ ಮೇಲೆ ಕುಳಿತರು. ದೂರು ಹರಿದುಹಾಕಬಹುದೇ ಎಂದು ಬಾಳುವನ್ನು ಮೆಲ್ಲಗೆ ಕೇಳಿದರು. ಆಗದು ಎಂದ. ಅವರು ಮತ್ತೆ ತಲೆ ಎತ್ತಲಿಲ್ಲ.

ಸಂಜೆ ೫.೪೦ಕ್ಕೆ ಬಂಧನ. ಹೇಳಿಕೆಗೆ ಸಹಿ ಹಾಕುವ ಮೊದಲು ಬಕ್ಕಪ್ಪ ಕೈ ಹಿಂದೆಳೆದ.

“ಕಳ್ಳ ಅಂತ ಬರೀರಿ ಸಾಹೇಬ್ರ. ಮಗ್ಗಿ ಮರತಾನ ಅಂತ ಬರೀಬ್ಯಾಡ್ರಿ.”

ರವಿಕಾಂತ ಹಾಳೆ ಬದಲಿಸಿದರು. ಕಾರಣದ ಜಾಗದಲ್ಲಿ ‘ಸ್ವಂತ ಉಪಯೋಗಕ್ಕೆ’ ಎಂದಷ್ಟೇ ಬರೆದರು.